ಸಿದ್ದೇಗೌಡರನ್ನು ಅಳಿಸಿದ್ದು

ಹೋದ ತಿಂಗಳು ನಾನು ನಮ್ಮೂರಿನ ಸಿದ್ದೇಗೌಡರನ್ನು ಅಳಿಸಿಹಾಕಿದೆ. ಗಾಬರಿಯಾಗಬೇಡಿ, ಗೌಡರು ಗುಂಡುಕಲ್ಲಿನ ಹಾಗಿದ್ದಾರೆ. ಮಾನ ಹೋಗಿದ್ದು ನನ್ನದು.

ನಲವತ್ತಾರನೇ ವಯಸ್ಸಿನಲ್ಲಿ ನಾನು ಡೇಟಾಬೇಸ್ ಅಡ್ಮಿನಿಸ್ಟ್ರೇಟರ್ ಆಗಲು ಹೊರಟಿರುವುದು ನಿಮಗೆ ಗೊತ್ತೇ ಇದೆ. (ಗೊತ್ತಿಲ್ಲದವರಿಗೆ ನಮ್ಮ ಯಜಮಾನರು ಹೇಳಿ ನಕ್ಕಿದ್ದಾರೆ.) ವಾರವೆಲ್ಲ ಭಾರತೀನಗರದ ಕಾಲೇಜೊಂದರ ಆಫೀಸಿನಲ್ಲಿ ಕೆಲಸ, ಶನಿವಾರ ಭಾನುವಾರ ಮಂಡ್ಯದಲ್ಲಿ ಕ್ಲಾಸು. ಪಾಠ ಹೇಳುವ ಶಬಾನಾ ಮೇಡಂ ಮದ್ದೂರಿನ ಟ್ರ್ಯಾಕ್ಟರ್ ಮೆಕ್ಯಾನಿಕ್ ಒಬ್ಬರ ಮಗಳು, ನನಗಿಂತ ಇಪ್ಪತ್ತು ವರ್ಷ ಚಿಕ್ಕವರು. ಬೈಯುವಾಗಲೂ ಅಕ್ಕ ಅಂತಲೇ ಬೈಯುತ್ತಾರೆ.

ಟೇಬಲ್ಲಿನ ಪ್ರತಿ ಸಾಲಿಗೂ ಬೇರೆ ಯಾರಿಗೂ ಇಲ್ಲದ ಒಂದು ಗುರುತು ಬೇಕು, ಅದೇ ಪ್ರೈಮರಿ ಕೀ, ಹೆಸರನ್ನು ಮಾತ್ರ ಕೀ ಮಾಡಬೇಡಿ ಅಂದಿದ್ದರು. ಅಳಿಸುವ ಮುಂಚೆ ಬ್ಯಾಕಪ್ ತೆಗೆದಿಡಿ ಅಂತಲೂ ಅಂದಿದ್ದರು. ನಾನು ಎಲ್ಲವನ್ನೂ ಚಂದದ ಅಕ್ಷರದಲ್ಲಿ ಬರೆದುಕೊಂಡೆ. ಪಾಲಿಸಬೇಕು ಅಂತ ಯಾರಿಗೆ ಹೊಳೆಯುತ್ತೆ?

ಮೈದುನ ನಾಗರಾಜನ ಮಗಳ ಮದುವೆ ಮುಗಿದು, ನಮ್ಮೂರು ಕೊತ್ತತ್ತಿಯ ಮನೆಯಲ್ಲಿ ಬೀಗರಿಗೆ ಬಾಡೂಟ ಹಾಕುವ ಬೀಗರೂಟ ಇತ್ತು. ಮದುವೆಗೆ ಕಾರ್ಡು ಕೊಟ್ಟರೂ ನಡೆಯುತ್ತೆ, ಬಾಡೂಟಕ್ಕೆ ಮನೆಗೇ ಹೋಗಿ ಬಾಯ್ತುಂಬ ಕರೆಯಬೇಕು. ಕರೆಯುವವರ ಪಟ್ಟಿಯನ್ನು ನಾನೇ ಡೇಟಾಬೇಸ್ ಮಾಡಿಕೊಡ್ತೀನಿ ಅಂದೆ. ಪ್ರಾಕ್ಟೀಸೂ ಆಯಿತಲ್ಲ?

ಪಟ್ಟಿ ತುಂಬಿಸಿ, ಹೆಸರಿಗೆ ತಂದೆಯ ಹೆಸರು ಸೇರಿಸಿ ಕೀ ಮಾಡಹೊರಟೆ. ಕಂಪ್ಯೂಟರ್ ತಕರಾರು ತೆಗೆಯಿತು. ಸಿದ್ದೇಗೌಡ ಬಿನ್ ಚಿಕ್ಕೇಗೌಡ ಎರಡು ಕಡೆ ಇದ್ದಾರಂತೆ. ನಾಗರಾಜ ಎರಡೆರಡು ಸಲ ಬರೆದಿದ್ದಾನೆ ಎಂದುಕೊಂಡು ಒಂದನ್ನು ಅಳಿಸಿದೆ. ಅವನ ಕೈಬರಹದ ಚೀಟಿ ಆಗಲೇ ನೀರೊಲೆ ಸೇರಿತ್ತು.

ಬೀಗರೂಟದ ಬೆಳಿಗ್ಗೆ ಅತ್ತೆ ಹಿತ್ತಲಲ್ಲಿ ಪಕ್ಕದ ಮನೆಯಾಕೆಯನ್ನು ಮಾತಾಡಿಸಿದರೆ, ಆಕೆ ಮುಖ ತಿರುಗಿಸಿಕೊಂಡು ಒಳಗೆ ಹೋದರಂತೆ. ಅತ್ತೆ ನೇರ ನನ್ನ ಹತ್ತಿರ ಬಂದರು.

"ರೇಡಿಯೋ ಸಿದ್ದೇಗೌಡ್ರನ್ನ ಯಾರವ್ವ ಕರುದ್ರಿ?"

ಯಾರೂ ಕರೆದಿರಲಿಲ್ಲ. ಪಟ್ಟಿಯಲ್ಲಿ ಉಳಿದಿದ್ದವರು ಆಲೆಮನೆ ಸಿದ್ದೇಗೌಡರು. ಪಕ್ಕದ ಮನೆಯವರು ಊರಿಗೆ ಮೊದಲು ರೇಡಿಯೋ ತಂದದ್ದಕ್ಕೆ ರೇಡಿಯೋ ಸಿದ್ದೇಗೌಡರು. ಅವರಪ್ಪನೂ ಚಿಕ್ಕೇಗೌಡರೇ ಅಂತ ನನಗೇನು ಗೊತ್ತು? ಪಟ್ಟಿ ಹಿಡಿದು ಊರು ಸುತ್ತಿದ್ದ ನಾಗರಾಜ, ಪಕ್ಕದ ಮನೆಯವರನ್ನು ಅವ್ವನೇ ಕರೆದಿರ್ತಾಳೆ ಅಂದುಕೊಂಡಿದ್ದ.

ನಾಲೆ ನೀರಿನ ಸರದಿಗೆ ಜಗಳವಾಗಿ ನಮ್ಮ ಮನೆಯವರೂ ರೇಡಿಯೋ ಗೌಡರ ಮನೆಯವರೂ ಹನ್ನೆರಡು ವರ್ಷ ಮಾತು ಬಿಟ್ಟಿದ್ದರು. ಅತ್ತೆಯೇ ಮುಂದೆ ಬಿದ್ದು ಸರಿಮಾಡಿ ಇನ್ನೂ ಆರು ತಿಂಗಳು. ಈಗ ಬೇಕಂತಲೇ ಬಿಟ್ಟರು ಅಂತ ತಾನೇ ಎಲ್ಲರೂ ಅಂದುಕೊಳ್ಳುವುದು? ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಬೈದಿದ್ದರೇ ಚೆನ್ನಾಗಿತ್ತು, ನನಗೆ ಭೂಮಿಗಿಳಿದುಹೋಗುವಂತಾಯಿತು.

ಕುಂಕುಮದ ಬಟ್ಟಲು, ಎಲೆ ಅಡಿಕೆ ಹಿಡಿದು ಇಬ್ಬರೂ ಹೋದೆವು. ಜಗಲಿಯಲ್ಲಿ ಪೇಪರ್ ಓದುತ್ತಿದ್ದ ಗೌಡರು ತಲೆ ಎತ್ತಲಿಲ್ಲ. ಕಂಪ್ಯೂಟರಿನಲ್ಲಿ ಹೆಸರು ಅಳಿಸಿಹೋಗಿತ್ತು ಮಾವ, ಅಂದೆ.

"ಅದ್ರ ಪಾಡ್ಗೆ ಅದೇ ಅಳುಸ್ತೋ, ನೀನ್ ಅಳುಸ್ದೋ? ಸರಿಯಾಗ್ ಯೇಳವ್ವ."

"ನಾನೇ ಅಳಿಸ್ದೆ ಮಾವ."

ಗೌಡರು ಪೇಪರ್ ಮಡಚಿದರು. "ಅಂಗನ್ನು ಮತ್ತೆ. ಬೇಕೂಂತ ಬುಟ್ರೇನೋ ಅನ್ಕಂಡಿದ್ದೆ."

ಆಮೇಲೆ ಒಳಗೆ ತಿರುಗಿ, ಇವತ್ತು ಒಲೆ ಹಚ್ಚಬೇಡ ಅಂತ ಹೆಂಡತಿಗೆ ಹೇಳಿದರು. ಅತ್ತೆಯ ಮುಖಕ್ಕೆ ಜೀವ ಬಂತು, ನನಗೂ.

ಮೊದಲ ಪಂಕ್ತಿಯಲ್ಲೇ ಕೂತ ಗೌಡರು ಮುದ್ದೆ ಮುರಿಯುತ್ತಾ, ತಮ್ಮನ್ನು ಅಳಿಸಿದ ಕಥೆಯನ್ನು ಎಡಬಲದವರಿಗೆಲ್ಲ ಹೇಳಿದರು. ಎರಡನೇ ಪಂಕ್ತಿ ಏಳುವ ಹೊತ್ತಿಗೆ ಇಡೀ ಊರಿಗೆ ಗೊತ್ತಾಗಿತ್ತು.

ಶಬಾನಾ ಮೇಡಂ ಎಲ್ಲ ಕೇಳಿ ಹಣೆ ಚಚ್ಚಿಕೊಂಡರು. ಹೆಸರು ಬಿಟ್ಟು ಬೇರೆ ಪ್ರೈಮರಿ ಕೀ ಹುಡುಕಿಕೊಂಡು ಬನ್ನಿ ಅಕ್ಕ, ಅಂದರು. ನನ್ನ ಮಟ್ಟಿಗೆ ಆ ಕೆಲಸವನ್ನು ಊರೇ ಮಾಡಿಕೊಟ್ಟಿದೆ. ಕೊತ್ತತ್ತಿಯಲ್ಲಿ ನಾಲ್ಕು ಜನ ಜಯಮ್ಮಂದಿರಿದ್ದೇವೆ.

ಡಿಲೀಟ್ ಜಯಮ್ಮ ಮಾತ್ರ ನಾನೊಬ್ಬಳೇ.