ಬಾಗಿಲ ಹಿಂದೆ ಕೂತ ಹಾಡು

ನಾನು ಹೊನ್ನಾವರದ ಕಾಲೇಜೊಂದರಲ್ಲಿ ಸಮಾಜಶಾಸ್ತ್ರ ಕಲಿಸುವವಳು. ಓದಿದ್ದು ಸಾಂಸ್ಕೃತಿಕ ಮಾನವಶಾಸ್ತ್ರ. ನಂಟಸ್ತಿಕೆ, ಧರ್ಮ, ದುಡಿಮೆ, ಭಾಷೆ ಎಂದು ಅದರ ಕವಲುಗಳನ್ನು ಬೋರ್ಡಿನ ಮೇಲೆ ಬರೆಯುವಾಗ ತಣ್ಣಗೇ ಇರುತ್ತೇನೆ. ಆದರೆ 'ಪ್ರತಿಯೊಂದು ಆಚರಣೆಯೂ ಸಮಾಜದಲ್ಲಿ ಒಂದು ಕೆಲಸ ಮಾಡುತ್ತದೆ' ಎನ್ನುವ ಕಾರ್ಯವಾದದ ಪಾಠ ಬಂತೆಂದರೆ ಮೈ ಉರಿಯುತ್ತದೆ. ತಂಗಿಯ ಮದುವೆಯಿಂದೀಚೆಗೆ ಹೀಗೆ.

ಕಾಯ್ಕಿಣಿಯ ನಮ್ಮ ಕೇರಿಯಲ್ಲಿ ಅಮ್ಮನಷ್ಟು ಹಾಡು ಬಲ್ಲವರು ಬೇರೆ ಇಲ್ಲ. ನಾಟಿಯ ಗದ್ದೆಯಲ್ಲಿ ಅವಳು ದನಿ ಎತ್ತಿದರೆ ಆಚೆ ಗದ್ದೆಯವರು ಸೊಂಟ ನೆಟ್ಟಗೆ ಮಾಡಿಕೊಂಡು ನಿಂತು ಕೇಳುತ್ತಿದ್ದರು. ಅಪ್ಪ ತೀರಿಕೊಂಡ ಮೇಲೆ ಶುಭಕಾರ್ಯದ ಹಾಡು ಅವಳ ಬಾಯಿಂದ ಬರಕೂಡದು ಎಂದಾಯಿತು. ಹಾಗೆಂದು ಹೇಳಿದವರು ಯಾರು? ಯಾರೂ ಇಲ್ಲ. ಒಬ್ಬನಾದರೂ ಸಿಕ್ಕಿದ್ದರೆ ಜಗಳವಾದರೂ ಆಡುತ್ತಿದ್ದೆ.

ಆದರೆ ಹಾಡು ಪೂರ್ತಿ ಗೊತ್ತಿದ್ದದ್ದು ಅವಳೊಬ್ಬಳಿಗೇ. ಅದಕ್ಕೆ ಊರವರು ಉಪಾಯ ಕಂಡುಕೊಂಡರು. ಯಾರ ಮನೆಯ ಮದುವೆಯಾದರೂ ಅಮ್ಮನನ್ನು ಕರೆದು ಅಡುಗೆಮನೆಯ ಬಾಗಿಲ ಹಿಂದೆ ಕೂರಿಸುವುದು. ಅವಳು ಪಿಸುದನಿಯಲ್ಲಿ ಒಂದೊಂದೇ ಸಾಲು ಹೇಳಿಕೊಡುವುದು, ಈಚೆ ಕೂತ ನನ್ನ ಸೋದರತ್ತೆ ಅದನ್ನು ಗಟ್ಟಿಯಾಗಿ ಹಾಡುವುದು. ಹಾಡು ಬೇಕು, ಹಾಡುವವಳ ಮುಖ ಬೇಡ. ಎಂಥ ನಾಚಿಕೆಗೇಡು!

ತಂಗಿಯ ಅರಿಶಿಣದ ದಿನವೂ ಅದೇ ಏರ್ಪಾಡು. ಮೈಸೂರಿನಿಂದ ನನ್ನ ಸಹಪಾಠಿಯೊಬ್ಬಳು ಬಂದಿದ್ದಳು. ಈಗ ಅವಳು ದೊಡ್ಡ ಸಂಶೋಧಕಿ. ಕೈಯಲ್ಲಿ ರೆಕಾರ್ಡರು, ಕಣ್ಣಲ್ಲಿ ಹೊಳಪು.

"ಎಷ್ಟು ಚೆಂದದ ವ್ಯವಸ್ಥೆ ಕಣೇ! ಈಚೆ ಶುಭ, ಆಚೆ ಅಶುಭ, ನಡುವೆ ಒಂದು ಬಾಗಿಲು. ಆದರೂ ವಿಧವೆಯನ್ನು ಬಿಟ್ಟುಹಾಕಿಲ್ಲ ನೋಡು, ಅವಳಿಗೂ ಒಂದು ಪಾತ್ರ ಕೊಟ್ಟಿದ್ದಾರೆ."

"ಅಲ್ಲಿ ಕೂತಿರೋದು ನನ್ನಮ್ಮ," ಎಂದೆ.

"ನಮ್ಮ ಅಳತೆಯಲ್ಲಿ ಅವರ ಸಂಸ್ಕೃತಿಯನ್ನು ಅಳೆಯಬಾರದು ಅಂತ ನೀನೇ ಪಾಠ ಮಾಡ್ತೀಯಲ್ಲ!"

'ಅವರ' ಅಂತೆ! ನನ್ನಮ್ಮ ಯಾವಾಗ 'ಅವರು' ಆದಳು? ನಮ್ಮಂಥವರನ್ನೆಲ್ಲ ನಾಗರಿಕತೆಯ ಏಣಿಯ ಕೆಳಗಿನ ಮೆಟ್ಟಿಲಲ್ಲಿ ನಿಲ್ಲಿಸಿದ್ದ ಹಳೆಯ ವಿಕಾಸವಾದಿಗಳಿಗೆ ಉತ್ತರವಾಗಿ ಹುಟ್ಟಿದ ಮಾತು ಅದು. ಒಳ್ಳೆಯ ಮಾತೇ. ಅದನ್ನು ತಂದು ನಮ್ಮ ಅಡುಗೆಮನೆಯ ಬಾಗಿಲಿಗೆ ಅಗುಳಿ ಮಾಡಿದರೆ ಸಿಟ್ಟು ಬಾರದೆ ಇದ್ದೀತೇ?

ಒಳಗೆ ಹೋಗಿ ಅಮ್ಮನ ರಟ್ಟೆ ಹಿಡಿದೆ. "ಏಳು, ಹೊರಗೆ ಬಾ. ನಿನ್ನ ಮಗಳ ಮದುವೆ ಇದು."

ಅವಳು ಕೈ ಬಿಡಿಸಿಕೊಂಡಳು. "ಎಂತಕ್ಕೆ ಬರೂದು? ನಾಳೆ ಹುಡುಗಿಗೆ ಎಂತಾರೂ ಆದ್ರೆ ಎಲ್ಲರೂ ನನ್ನ ಹೆಸ್ರೇ ಹೇಳೂದು. ನಂಗೆ ಇಲ್ಲೇ ಆತು."

ಹೊರಗೆ ಕೂತಿದ್ದ ತಂಗಿಗೆ ಇದೆಲ್ಲ ಕೇಳಿಸಿರಬೇಕು. ಎದ್ದವಳೇ ತಾನು ಕೂತಿದ್ದ ಮಣೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಒಳಗೆ ಬಂದಳು. ಅಮ್ಮನ ಎದುರಿಗೆ, ಒಲೆಯ ಪಕ್ಕದಲ್ಲಿ ಮಣೆ ಹಾಕಿ ಕೂತುಬಿಟ್ಟಳು.

"ಅರಿಶಿಣ ಹಚ್ಚೂದಾದ್ರೆ ಇಲ್ಲೇ ಹಚ್ಚಿ. ಅಮ್ಮ ಹಾಡದೆ ನಾ ಏಳೂದಿಲ್ಲ."

"ಎಂತ ಹುಚ್ಚೇ ನಿಂಗೆ?" ಎಂದು ಅತ್ತೆ ಕೂಗಿದರು. ಹೆಂಗಸರೆಲ್ಲ ಬಾಗಿಲಲ್ಲಿ ಮುಗಿಬಿದ್ದರು. ಬೈದರು, ಅತ್ತರು, ಹೆದರಿಸಿದರು. ತಂಗಿ ಜಪ್ಪಯ್ಯ ಅಂದರೂ ಮಣೆ ಬಿಟ್ಟು ಏಳಲಿಲ್ಲ. ಕೊನೆಗೆ ಅತ್ತೆಯೇ ಮುಖ ಗಂಟಿಕ್ಕಿಕೊಂಡು ಅರಿಶಿಣದ ಬಟ್ಟಲು ತಂದು ನೆಲಕ್ಕೆ ಕುಕ್ಕಿದರು.

ಅಮ್ಮ ಮಗಳ ಕೆನ್ನೆಗೆ ಅರಿಶಿಣ ಹಚ್ಚಿ ಹಾಡು ಶುರು ಮಾಡಿದಳು. ಪಿಸುದನಿ ಬಂತು. ಕೆಮ್ಮಿ ಗಂಟಲು ಸರಿಮಾಡಿಕೊಂಡಳು, ಕಣ್ಣು ಮುಚ್ಚಿ ಮತ್ತೆ ಎತ್ತಿದಳು. ವರ್ಷಗಟ್ಟಲೆ ಬಾಗಿಲ ಹಿಂದೆ ರೂಢಿಯಾದ ಅದೇ ಪಿಸುದನಿ. ಬಾಗಿಲ ಹತ್ತಿರ ನಿಂತವರಿಗೂ ಕೇಳಿಸುವಂತಿರಲಿಲ್ಲ.

ಗೆಳತಿ ರೆಕಾರ್ಡರನ್ನು ಮುಂದಕ್ಕೆ ಚಾಚಿದಳು. "ಸ್ವಲ್ಪ ಗಟ್ಟಿಯಾಗಿ ಹಾಡಿ ಅಮ್ಮಾ, ರೆಕಾರ್ಡ್ ಆಗ್ತಾ ಇಲ್ಲ."

ಅಮ್ಮ ತಲೆ ಎತ್ತಿ ಅವಳನ್ನು ನೋಡಿದಳು. "ಈಗ ಇಷ್ಟೇ ಬರೂದು, ಮಗಾ," ಎಂದಳು.

ಆಚರಣೆ ಮಾಡುವ ಕೆಲಸ ಯಾವುದು ಎಂದು ಮಕ್ಕಳು ಪರೀಕ್ಷೆಯಲ್ಲಿ ಈಗಲೂ ಬರೆಯುತ್ತಾರೆ. ನಮ್ಮ ಮನೆಯಲ್ಲಿ ಅದು ಮಾಡಿದ ಕೆಲಸ ಇದು.