ಹಸಿರು ಬಂದರೆ ಪತ್ರ

ರಾಜಾಜಿನಗರದ ಆ ಸಂಶೋಧನಾ ಕೇಂದ್ರದ ಹಳದಿ ದೀಪದ ಕೋಣೆಗೆ ಕಿಟಕಿಯೇ ಇಲ್ಲ. ಆರ್‌ಪಿಸಿ ಲೇಔಟಿನ ಶಿವರಂಜನಿ ಅದರೊಳಗೆ ಆರು ವರ್ಷ ಸವೆಸಿದ್ದಳು. ಈಗ ಕೆಂಗೇರಿಯ ಕಾಲೇಜೊಂದರಲ್ಲಿ ಪಾಠ ಹೇಳುವ ಕಾಯಂ ಕೆಲಸ ಸಿಕ್ಕಿತ್ತು. ಸೋಮವಾರ ಸೇರದಿದ್ದರೆ ಅದು ಬೇರೆಯವರ ಪಾಲು. ಸೇರಲು ಇಲ್ಲಿಂದ ಬಿಡುಗಡೆ ಪತ್ರ ಬೇಕು. ಹಸಿರು ಹರಳು ಮಾಡಿಕೊಡಿ, ಪತ್ರ ತೆಗೆದುಕೊಂಡು ಹೋಗಿ ಎಂದಿದ್ದರು ಮುಖ್ಯಸ್ಥ ಮುರಳೀಕೃಷ್ಣ.

ಹೇಳುವುದಕ್ಕೇನು. ಅರ್ಧ ಗಾಜು, ಅರ್ಧ ಪ್ಲಾಸ್ಟಿಕ್ಕಿನ ಗುಣವಿರುವ ಅಂಟಿನ ಹನಿಯೊಳಗೆ ಲೇಸರ್ ಕಿರಣ ಕೂದಲಿಗಿಂತ ಎಷ್ಟೋ ಪಾಲು ತೆಳುವಾದ ಕಡ್ಡಿಗಳನ್ನು ಸೌದೆ ಒಟ್ಟಿದ ಹಾಗೆ ಅಡ್ಡಡ್ಡ ಪೇರಿಸುತ್ತದೆ. ಆ ಒಟ್ಟಿಲೇ ಹರಳು. ಬಣ್ಣ ಬೆರೆಸುವುದಿಲ್ಲ, ಕಡ್ಡಿಗಳ ನಡುವಿನ ಅಂತರವೇ ಬಣ್ಣ ತೋರಿಸುತ್ತದೆ. ಉಳಿದ ಅಂಟನ್ನು ತೊಳೆದಾಗ ಹರಳು ಕುಗ್ಗಿ, ಹಸಿರಾಗಬೇಕಾದದ್ದು ನೀಲಿಯಾಗಿ ಕೂರುತ್ತದೆ. ಎಷ್ಟು ಕುಗ್ಗೀತೆಂದು ಅಂದಾಜು ಮಾಡಿ ಮೊದಲೇ ಅಷ್ಟು ದೊಡ್ಡದಾಗಿ ಕಟ್ಟುವ ವಿದ್ಯೆ ಅಲ್ಲಿ ಅವಳೊಬ್ಬಳಿಗೇ ಒಲಿದಿತ್ತು.

ಬುಧವಾರ ಆಯುಧಪೂಜೆ. ಹರಳು ಮುಕ್ಕಾಲು ಮುಗಿದಿತ್ತು. ಯಂತ್ರಕ್ಕೆ ವಿಭೂತಿ, ಕುಂಕುಮ, ಸೇವಂತಿಗೆ ಹಾರ ಎಲ್ಲ ಆಯಿತು. ಹಳದಿ ಬೆಳಕಿನ ಫೋಟೋದಲ್ಲಿ ಕುಂಕುಮ ಮಂಕಾಗಿ ಕಾಣುತ್ತದೆಂದು ಮುರಳೀಕೃಷ್ಣ ಬಿಳಿ ಟ್ಯೂಬ್‌ಲೈಟ್ ಹಾಕಿಬಿಟ್ಟರು. ಬಿಳಿ ಬೆಳಕು ತಾಗಿದರೆ ಆ ಅಂಟು ಗಟ್ಟಿಯಾಗುತ್ತದೆಂದು ಹೊಸಬರಿಗೆ ಬುದ್ಧಿ ಹೇಳುವ ಮಹಾನುಭಾವರು ಇವರೇ. ಹನಿಗೆ ಹನಿಯೇ ಗಟ್ಟಿಯಾಯಿತು. ಫೋಟೋ ಮಾತ್ರ ಚೆನ್ನಾಗಿ ಬಂತು.

ಶಿವರಂಜನಿಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಆದರೂ ಹಬ್ಬದ ಊಟ ಬಿಟ್ಟು ಮತ್ತೆ ಮೊದಲಿನಿಂದ ಶುರುಮಾಡಿದಳು. ಶನಿವಾರ ಮಧ್ಯಾಹ್ನ ಸೂಕ್ಷ್ಮದರ್ಶಕದಲ್ಲಿ ಎಳೆ ವೀಳ್ಯದೆಲೆಯ ಹಸಿರು ಕಂಡಿತು. ಬಿಡುಗಡೆಯಾಯಿತು ಎಂದುಕೊಂಡು ಮುಖ್ಯಸ್ಥರನ್ನು ಕರೆತಂದು ತೋರಿಸಿದಳು.

ಟೈಪಾದ ಪತ್ರ ಅವರ ಕೈಯಲ್ಲೇ ಇತ್ತು. ಹರಳನ್ನು ಬಹಳ ಹೊತ್ತು ನೋಡಿದರು. ಇದನ್ನು ಇನ್ಯಾರು ಮಾಡಬಲ್ಲರು ಎಂದು ಕೇಳಿದರು. ಎಲ್ಲ ಬರೆದಿಟ್ಟಿದ್ದೇನೆ ಎಂದಳು.

"ಬರೆದಿದ್ದು ಓದ್ಕೊಂಡು ಮಾಡೋಕಾಗುತ್ತೇನಮ್ಮಾ? ಇಂಥ ಕೈನ ನಾನು ಹೇಗೆ ಬಿಡ್ಲಿ? ಇನ್ನೊಂದೇ ಒಂದು. ಕೆಂಪು ಬರ್ಲಿ."

"ಸೋಮವಾರ ಸೇರ್ಬೇಕು ಸಾರ್."

ಅವರು ಪತ್ರವನ್ನು ಮಡಿಸಿ ಜೇಬಿಗಿಟ್ಟುಕೊಂಡು ಹೊರಟುಹೋದರು.

ನೀಲಿ ಬಂದಿದ್ದರೆ ಪತ್ರವಿಲ್ಲ, ಹಸಿರು ಬಂದದ್ದಕ್ಕೆ ಬಿಡುಗಡೆಯಿಲ್ಲ. ಅವಳಿಗೆ ತನ್ನ ಕೈಗಳ ಮೇಲೇ ದ್ವೇಷ ಹುಟ್ಟಿತು. ಹಳದಿ ಬೆಳಕಿನಲ್ಲಿ ಅವನ್ನೇ ನೋಡುತ್ತ ಕುಳಿತಳು. ಕೆಂಪಿಗೆ ಅಂತರ ಎಷ್ಟು ಹೆಚ್ಚಿಸಬೇಕೆಂಬ ಲೆಕ್ಕ ಅಷ್ಟರಲ್ಲೇ ತಲೆಯಲ್ಲಿ ಮುಗಿದುಹೋಗಿತ್ತು.