ಯಾರೋ ಸಾಹೇಬ ಕಟ್ಟಿದ ಮನೆ

ಕೊಪ್ಪಳದ ಶೇಂಗಾ ವ್ಯಾಪಾರಿ ಉಮಾಪತೆಪ್ಪನಿಗೆ ದೇವರು ಎಲ್ಲ ಕೊಟ್ಟಿದ್ದ, ನಾಚಿಕೆಯೊಂದನ್ನು ಬಿಟ್ಟು. ಹುಟ್ಟಿದ್ದು ಮಣ್ಣಿನ ಮಾಳಿಗೆಯ ಕೆಳಗೆ. ಬೆಳೆದದ್ದು ತಾಯಿ ಕಳಕಮ್ಮ ಕೂಲಿ ಮಾಡಿ ತಂದ ಜೋಳದ ನುಚ್ಚಿನ ಮೇಲೆ. ಕೈಯಲ್ಲಿ ಕಾಸು ಓಡಾಡತೊಡಗಿದ ಮೇಲೆ ಎರಡನ್ನೂ ಮರೆತ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಈತ ಹಗಲೂ ಹಿಡಿಸಿಕೊಳ್ಳುತ್ತಿದ್ದ, ಅದಕ್ಕೆಂದೇ ಆಳೊಬ್ಬನನ್ನು ಇಟ್ಟಿದ್ದ.

ಮಗಳನ್ನು ಯಲಬುರ್ಗಾ ಕಡೆಯ ದೇಸಾಯರ ಮಗನಿಗೆ ಕೊಡಬೇಕೆಂಬುದು ಅವನ ಜೀವದ ಆಸೆ. ದೇಸಾಯರು ನಡುವಿನವರ ಕೈಲಿ ಹೇಳಿ ಕಳಿಸಿದ್ದರು: "ಮಣ್ಣಿನ ಮಾಳಿಗಿ ಕೆಳಗ ಬೆಳದ ಹುಡುಗಿ ನಮ್ಮ ವಾಡೇಕ್ಕ ಒಗ್ಗೂದಿಲ್ಲ. ಮೊದಲ ಮನಿ ಅನ್ನೂವಂಥಾ ಮನಿ ಕಟ್ಟಸ್ರಿ. ಬಂದು ನೋಡಿ ಮಾತಾಡೂಣು."

ಅದೇ ಹೊತ್ತಿಗೆ, ಎರಡನೇ ಮಹಾಯುದ್ಧದ ದಿನಗಳಲ್ಲಿ, ಇಟಗಿಯ ಗುಡಿ ನೋಡಲು ಹೈದರಾಬಾದಿನಿಂದ ಬಿಳಿಯನೊಬ್ಬ ಬಂದ. ಚೆಕ್ ದೇಶದ ವಾಸ್ತುಶಿಲ್ಪಿ, ಯಾರೊಸ್ಲಾವ್ ಅಂತ ಹೆಸರು. ತನ್ನೂರಲ್ಲಿ ಶಾಲೆ, ಆಸ್ಪತ್ರೆ, ಕಾರ್ಖಾನೆ ಕೆಲಸಗಾರರ ಮನೆ ಕಟ್ಟಿದ್ದವನು. ಜರ್ಮನರು ಆ ದೇಶವನ್ನೇ ನುಂಗಿದ ಮೇಲೆ ಓಡಿಬಂದು ನಿಜಾಮನ ಸರ್ಕಾರದ ಕಟ್ಟಡಗಳಿಗೆ ನಕಾಶೆ ಬರೆಯುತ್ತಿದ್ದ. ಉಮಾಪತೆಪ್ಪನಿಗೆ ಅವನ ವಿದ್ಯೆ ಬೇಕಿರಲಿಲ್ಲ, ಚರ್ಮದ ಬಣ್ಣ ಬೇಕಿತ್ತು. ಕೈಕಾಲು ಹಿಡಿದು ಒಪ್ಪಿಸಿದ. ಊರವರ ನಾಲಿಗೆಗೆ ಆ ಹೆಸರು ಹೊರಳಲಿಲ್ಲ. ಸಾವ್ಕಾರರ ಮನೆ ಯಾರು ಕಟ್ಟುತ್ತಾರೆ ಎಂದು ಕೇಳಿದರೆ, "ಯಾರೋ ಸಾಹೇಬ್ರರಿ" ಎನ್ನುತ್ತಿದ್ದರು. ಉಮಾಪತೆಪ್ಪ ಹಲ್ಲು ಕಡಿಯುತ್ತಿದ್ದ.

ಸಾಹೇಬ ಮೊದಲು ಹಳೆಯ ಮನೆ ನೋಡಬೇಕೆಂದ. ಕಳಕಮ್ಮ ಕೊಟ್ಟ ರೊಟ್ಟಿ ತಿಂದ, ದಪ್ಪ ಗೋಡೆಗೆ ಕೈಯಿಟ್ಟು ತಂಪು ನೋಡಿದ, ಮಾಳಿಗೆ ಹತ್ತಿ ಇಳಿದ, ಬೆಳಕಿಂಡಿಯ ಕೆಳಗೆ ಕೂತು ಬರೆದುಕೊಂಡ. ಕೆಲವು ದಿನ ಬಿಟ್ಟು ನಕಾಶೆ ಹಾಸಿ ತನ್ನ ಹರಕು ಉರ್ದುವಿನಲ್ಲಿ ವಿವರಿಸಿದ. ಉಮಾಪತೆಪ್ಪನಿಗೆ ಒಂದು ಗೆರೆಯೂ ತಿಳಿಯಲಿಲ್ಲ. ತಿಳಿಯಲಿಲ್ಲ ಎಂದರೆ ಸಾವ್ಕಾರಿಕೆಗೆ ಕುಂದಲ್ಲವೇ? "ಬಹುತ್ ಖೂಬ್" ಎಂದು ಕೋಲೆಬಸವನಂತೆ ತಲೆಯಾಡಿಸಿದ.

ಗೋಡೆ ಕಟ್ಟಲು ಬಂದ ಗೌಂಡಿ ನೂರಸಾಬ ತಡೆಯಲಾರದೆ ಹೇಳಿದ: "ಸಾವ್ಕಾರ್ರ, ಇದರಾಗ ಕಮಾನಿಲ್ಲ, ಗುಮ್ಮಟಿಲ್ಲ, ಕಂಬಕ್ಕೊಂದು ಹೂ ಸೈತ ಇಲ್ರಿ."

"ನೀ ಗಾರಿ ಕಲಸೂದು ನೋಡಲೇ. ವಿಲಾಯತಿ ವಿದ್ಯಾ ನಿನಗೇನ ತಿಳೀತೈತಿ?"

ಮನೆ ಎದ್ದಿತು. ದಪ್ಪ ಕಲ್ಲಿನ ಗೋಡೆ, ಮೇಲೆ ಬಿಳಿ ಸುಣ್ಣ. ಚಪ್ಪಟೆ ಮಾಳಿಗೆ, ನಡುವೆ ಬೆಳಕಿಂಡಿ. ಸುಡುಬಿಸಿಲಲ್ಲೂ ಒಳಗೆ ತಣ್ಣಗೆ. ಒಳ್ಳೆಯ ಮನೆ, ಕಟ್ಟಿಸಿದವನ ಯೋಗ್ಯತೆಗೆ ಮೀರಿದ್ದು. ದೇಸಾಯರು ಬರುವ ದಿನ ಕಳಕಮ್ಮ ಮೊದಲ ಸಲ ಒಳಗೆಲ್ಲ ಓಡಾಡಿ, "ಯಪ್ಪಾ, ನಮ್ಮ ಹಳೇ ಮನೀನ ಕಲ್ಲಾಗ ಕಟ್ಟ್ಯಾನಲ್ಲೋ ಪುಣ್ಯಾತ್ಮ!" ಎಂದು ಹಿಗ್ಗಿದಳು. ಉಮಾಪತೆಪ್ಪನಿಗೆ ಆಗ ಕಣ್ಣು ತೆರೆಯಿತು. ಸಾಹೇಬ ಎಂದೋ ಹೈದರಾಬಾದಿಗೆ ಹೋಗಿಯಾಗಿತ್ತು. ದೇಸಾಯರ ಮೋಟಾರು ಬಾಗಿಲಿಗೆ ಬಂದಾಗಿತ್ತು.

ದೇಸಾಯರು ಇಳಿದು ಗೋಡೆ ನೋಡಿದರು, ಮಾಳಿಗೆ ನೋಡಿದರು, ನಕ್ಕರು.

"ಉಮಾಪತೆಪ್ಪ, ಇದು ಆಳುಮಂದಿ ಇರೂ ಮನಿ ಏನು? ಬಂಗ್ಲೆ ಎಲ್ಲೈತಿ?"

ಇದೇ ನನ್ನ ಮನೆ ಎಂದು ಅಲ್ಲಿ ಒಂದು ಮಾತು ಹೇಳಿದ್ದರೆ ಆ ಮನುಷ್ಯನ ಬಾಳಿಗೆ ಅಷ್ಟಾದರೂ ಬೆಲೆ ಬರುತ್ತಿತ್ತು. ಅವನು ಹಲ್ಲು ಕಿಸಿದ. "ಹೌದ್ರಿ ದೇಸಾಯರ, ಇದು ಆಳಿನ ಮನೀರಿ. ಬಂಗ್ಲೆ ಮುಂದಿನ ವರ್ಷ ಚಾಲೂ ಮಾಡ್ತೀವ್ರಿ."

ಬಾಗಿಲಲ್ಲಿ ಕಳಕಮ್ಮ ಆರತಿ ಹಿಡಿದು ನಿಂತಿದ್ದಳು.

"ಮತ್ತ ಈ ಮುದುಕಿ?" ಎಂದರು ದೇಸಾಯರು.

ಉಮಾಪತೆಪ್ಪ ತಾಯಿಯ ಮುಖ ನೋಡಲಿಲ್ಲ. "ಈಕಿನೂ ಆಳರಿ. ಕಸಾ ಹೊಡಿಯಾಕ ಇಟಗೊಂಡೀವ್ರಿ."

ಕಳಕಮ್ಮ ಆರತಿ ತಟ್ಟೆಯನ್ನು ಹೊಸಿಲ ಪಕ್ಕ ಇಳಿಸಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಸಬರಿಗೆ ಹಿಡಿದು, ಪಡಸಾಲೆಯಿಂದ ಅಂಗಳದವರೆಗೆ ಗುಡಿಸುತ್ತ ಬಂದಳು. ಮಗನ ಎದುರು ನಿಂತು ಕತ್ತೆತ್ತಿ ಕೇಳಿದಳು:

"ಧಣೀ, ಕಸಾ ಇಲ್ಲೇ ನಿಂತೈತಿ. ಎಲ್ಲಿ ಚೆಲ್ಲಲ್ರಿ?"